ದೋಣಿ ಒಂದು ಬಿಂದುವಾದರೆ

ಮೊನ್ನೆ ಜೂನ್ ಮೊದಲ ವಾರ ಕೆಲಸದ ಮೇಲೆ ಕಾರವಾರದ ಬೈತಖೋಲ ಬಂದರಿಗೆ ಹೋಗಿದ್ದೆ. ಮೀನುಗಾರಿಕೆ ನಿಷೇಧ ಶುರುವಾಗಿ ಬೋಟುಗಳೆಲ್ಲ ಸಾಲಾಗಿ ನಿಂತಿದ್ದವು. ದಡಕ್ಕೆ ಎಳೆದು ಬೋರಲು ಹಾಕಿದ್ದ ಹಳೇ ಮರದ ಪಾತಿ ದೋಣಿಯೊಂದಕ್ಕೆ ಒಬ್ಬ ಮುದುಕರು ಮೀನೆಣ್ಣೆ ಬಳಿಯುತ್ತಿದ್ದರು. ಜೊತೆಗಿದ್ದ ಧಾರವಾಡದ ಸಹೋದ್ಯೋಗಿ ವೇಲಿನಿಂದ ಮೂಗು ಮುಚ್ಚಿಕೊಂಡು, "ಇದೇನ್ರೀ ಈ ವಾಸ್ನಿ!" ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಆ ವಾಸನೆಗೆ ಹೊಟ್ಟೆ ತೊಳಸುತ್ತದೆ, ನನಗೆ ಸಾಪೇಕ್ಷ ವೇಗದ ಸೂತ್ರ ನೆನಪಾಗುತ್ತದೆ. ಯಾಕೆಂದರೆ ನಾನು ಭೌತಶಾಸ್ತ್ರ ಕಲಿತದ್ದು ಎಣ್ಣೆ ಹಚ್ಚಿದ ದೋಣಿಗಳ ನಡುವೆ, ಬಲೆ ಚಪ್ಪರದಲ್ಲಿ, ಸಿಇಟಿಗೆ ಎರಡನೇ ಸಲ ಓದಿದ ಆ ಒಂದು ವರ್ಷದಲ್ಲಿ. ಕಲಿಸಿದವರು ಇಬ್ಬರು ಮುದುಕರು. ಒಬ್ಬರು ಕೈಗಾ ಅಣುಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬ ನನ್ನ ಅಜ್ಜ, ಸಹಿ ಹಾಕಲು ಮಾತ್ರ ಬರುತ್ತಿದ್ದವ. ಅಜ್ಜ ಹೋಗಿ ಈಗ ಎರಡು ವರ್ಷವಾಯಿತು.

ನಮ್ಮದು ಅಂಕೋಲೆಯ ಮಂಜುಗುಣಿ, ಗಂಗಾವಳಿ ಹೊಳೆ ಸಮುದ್ರ ಸೇರುವ ಕಡೆ. ಈಚೆ ದಡದಲ್ಲಿ ನಾವು, ಆಚೆ ದಡದಲ್ಲಿ ಗಂಗಾವಳಿ ಊರು. ಅಜ್ಜ ಬೊಮ್ಮಯ್ಯ ಅಂಬಿಗ ಹರೆಯದಿಂದಲೂ ಜನರನ್ನು ಹೊಳೆ ದಾಟಿಸುತ್ತಿದ್ದವ. ಇಂಜಿನ್ ದೋಣಿ ಬಂದ ಮೇಲೆ ಹುಟ್ಟು ಕೆಳಗಿಟ್ಟಿದ್ದ, ಹಮ್ಮು ಇಟ್ಟಿರಲಿಲ್ಲ. ಆ ವರ್ಷ ಹೊಳೆಗೆ ಸೇತುವೆಯ ಕಂಬಗಳು ಏಳುತ್ತಿದ್ದವು. ಅಜ್ಜ ದಿನಾ ಬೆಳಿಗ್ಗೆ ಹೋಗಿ ಕಂಬಗಳನ್ನು ನೋಡಿ ಬಂದು, "ಇನ್ನೂ ನಿಂತೇ ಅದೆ," ಎಂದು ಬೇಸರದಿಂದ ವರದಿ ಒಪ್ಪಿಸುತ್ತಿದ್ದ. ಅಪ್ಪ ಕಾರವಾರದ ಬೋಟೊಂದರಲ್ಲಿ ತಾಂಡೇಲ, ಚುಕ್ಕಾಣಿ ಅವನ ಕೈಯಲ್ಲಿ. ಸಮುದ್ರದಲ್ಲಿ ಇಪ್ಪತ್ತು ಜನರ ಮೇಲೆ ಕೂಗುವ ಅಪ್ಪ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು.

ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಬಲೆಯ ಕಣ್ಣಿನ ಅಳತೆ ನೋಡಲು ಇಲಾಖೆಯ ಅಧಿಕಾರಿಯೊಬ್ಬರು ಬಂದಿದ್ದರು. ಹೆಂಗಸು, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ಸಣ್ಣ ಕಣ್ಣಿನ ಬಲೆ ಬಿಟ್ಟರೆ ಮರಿಮೀನು ಹೇಗೆ ನಾಶವಾಗುತ್ತದೆ ಎಂದು ಅವರು ಹೇಳುತ್ತಿದ್ದರೆ, ಯಾರ ಮಾತಿಗೂ ಕಿವಿಗೊಡದ ನನ್ನ ಅಪ್ಪ ಕೈಕಟ್ಟಿ ನಿಂತು ಕೇಳುತ್ತಿದ್ದ. ಅವತ್ತೇ ನಿರ್ಧಾರ ಮಾಡಿದೆ, ಮೀನುಗಾರಿಕೆ ವಿಜ್ಞಾನವನ್ನೇ ಓದಬೇಕು ಎಂದು. ಆ ಸೀಟಿಗೆ ಸಿಇಟಿ ಬರೆಯಬೇಕು, ಸಿಇಟಿಯಲ್ಲಿ ಭೌತಶಾಸ್ತ್ರವೂ ಇರುತ್ತದೆ ಎಂದು ಮನೆಯಲ್ಲಿ ಹೇಳಿದಾಗ ಅಜ್ಜ ದಂಗಾಗಿಬಿಟ್ಟ.

"ಮೀನಿನ ಬಗ್ಗೆ ಕಲೂಕೆ ಫಿಜಿಕ್ಸ್ ಯಂತಕೆ? ಬಂಗ್ಡೆ ಏನ್ ಫಿಜಿಕ್ಸ್ ಕಲ್ತ್ಕಂಡು ಈಜ್ತದ್ಯಾ?"

ಬಂಗಡೆ ಕಲಿತಿರಲಿಲ್ಲ, ನಾನೂ ಕಲಿತಿರಲಿಲ್ಲ ಎಂಬುದು ಫಲಿತಾಂಶ ಬಂದಾಗ ಗೊತ್ತಾಯಿತು. ಜೀವಶಾಸ್ತ್ರದಲ್ಲಿ ಚೆನ್ನಾಗಿಯೇ ಬಂದಿತ್ತು. ಭೌತಶಾಸ್ತ್ರದಲ್ಲಿ ಅರವತ್ತಕ್ಕೆ ಹದಿನಾಲ್ಕು. ಕಣ್ಣು ಮುಚ್ಚಿ ಎಲ್ಲದಕ್ಕೂ ಒಂದೇ ಉತ್ತರಕ್ಕೆ ಮಸಿ ತುಂಬಿದ್ದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು ಎಂದು ಗೆಳತಿಯೊಬ್ಬಳು ಲೆಕ್ಕ ಹಾಕಿ ಹೇಳಿ ಸಮಾಧಾನ ಮಾಡಿದಳು. ಮರುದಿನವೇ ಸೋದರಮಾವ ಹಾಜರಾದ. ಅವನಿಗೆ ಕಾರವಾರದಲ್ಲಿ ಐಸ್ ಫ್ಯಾಕ್ಟರಿ ಇತ್ತು.

"ಟೋಕನ್ ಕೊಡೂಕೆ ಒಂದು ಹುಡ್ಗಿ ಬೇಕು," ಎಂದ. "ನೆರಳಲ್ಲಿ ಕೂತ್ಕಂಡ್ ಮಾಡೂ ಕೆಲಸ. ಫಿಜಿಕ್ಸ್ ಗಿಜಿಕ್ಸ್ ಏನೂ ಬೇಡ."

ನಾನು ಒಳಗೆ ಹೋಗಿ ಅತ್ತೆ. ಅಳು ಮುಗಿಸಿ ಹೊರಗೆ ಬಂದಾಗ ಅಪ್ಪ ಆ ದಿನದ ಇಪ್ಪತ್ತು ಮಾತುಗಳಲ್ಲಿ ಹತ್ತನ್ನು ಒಟ್ಟಿಗೇ ಖರ್ಚು ಮಾಡಿದ. "ಇನ್ನೊಂದ್ ವರ್ಷ ಓದ್ಲಿ. ಮುಂದಿನ ಸಲನೂ ಬಲೆ ಖಾಲಿ ಬಂದ್ರೆ ಐಸ್ ಫ್ಯಾಕ್ಟರಿ." ಮಾವ ಒಪ್ಪಿದ. ಟೋಕನ್ ಕುರ್ಚಿ ಖಾಲಿ ಇಟ್ಟಿರುತ್ತೇನೆ ಎಂದು ನಗುತ್ತಾ ಹೇಳಿ ಹೋದ. ಆ ಕುರ್ಚಿ ವರ್ಷಪೂರ್ತಿ ನನ್ನ ಕನಸಿನಲ್ಲಿ ಬರುತ್ತಿತ್ತು.

ಪಾಠಕ್ಕೆ ಸಿಕ್ಕಿದವರು ಶಿರವಾಡದ ನಾಯಕ ಸರ್. ಮೂಲ ಶೆಟಗೇರಿಯವರು, ಕೈಗಾದಲ್ಲಿ ಬಹಳ ವರ್ಷ ದುಡಿದು ನಿವೃತ್ತರಾಗಿ ರೈಲು ನಿಲ್ದಾಣದ ಹತ್ತಿರ ಮನೆ ಮಾಡಿಕೊಂಡಿದ್ದರು. ಕೆಲಸ ಬಿಟ್ಟರೂ ಕಂಪನಿ ಬಸ್ಸಿನ ಹೊತ್ತು ಅವರನ್ನು ಬಿಟ್ಟಿರಲಿಲ್ಲ. ಬೆಳಿಗ್ಗೆ ಇಸ್ತ್ರಿ ಪ್ಯಾಂಟು ಹಾಕಿ, ಊಟದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದರು. ಕೈಗಾ ಬಸ್ಸು ಹೋದ ಸದ್ದಾದ ಕೂಡಲೇ "ಹ್ಞಾಂ, ಶುರು" ಎನ್ನುತ್ತಿದ್ದರು. ಬಸ್ಸು ತಡವಾದ ದಿನ ಪಾಠವೂ ತಡ. ಮಧ್ಯಾಹ್ನ ಅದೇ ಡಬ್ಬಿ ಬಿಚ್ಚಿ ತಮ್ಮ ಸ್ವಂತ ಮನೆಯಲ್ಲೇ ತಣ್ಣಗಿನ ಚಪಾತಿ ತಿನ್ನುತ್ತಿದ್ದರು.

ಮೊದಲ ದಿನವೇ ನನ್ನ ಹಳೇ ಪ್ರಶ್ನೆಪತ್ರಿಕೆ ತರಿಸಿ ಒಂದೊಂದನ್ನೇ ಕೇಳಿದರು. ಹೊಳೆ ದಾಟುವ ಪ್ರಶ್ನೆ ಬಂತು. ಕನಿಷ್ಠ ಸಮಯದಲ್ಲಿ ಹೊಳೆ ದಾಟಬೇಕಾದರೆ ದೋಣಿಯ ಮೂತಿ ಯಾವ ದಿಕ್ಕಿಗೆ ಇರಬೇಕು? ನಾನು ನೀರು ಬರುವ ದಿಕ್ಕಿಗೆ ಓರೆಯಾಗಿ ಎಂದು ಗುರುತು ಹಾಕಿದ್ದೆ.

"ಯಾಕೆ?" ಎಂದರು.

"ನಮ್ಮಜ್ಜ ಹಾಗೇ ದಾಟಿಸ್ತಿದ್ರು ಸರ್."

ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ದೋಣಿಯ ಮೂತಿ ದಡಕ್ಕೆ ಲಂಬವಾಗಿರಬೇಕು. ನೇರ ಎದುರಿಗೆ. ನಿಮ್ಮ ಅಜ್ಜನಿಗೆ ಹೇಳು, ಅವರು ಜೀವನಪೂರ್ತಿ ತಪ್ಪು ದಾಟಿದ್ದಾರೆ." ಆಮೇಲೆ ನನ್ನ ನಿಜವಾದ ಕಾಯಿಲೆ ಹೇಳಿದರು. "ನಿನಗೆ ಭೌತಶಾಸ್ತ್ರ ಬರುವುದಿಲ್ಲ ಅಂತಲ್ಲ, ನೀನು ಪ್ರಶ್ನೆಯನ್ನೇ ಓದುವುದಿಲ್ಲ. ಮೊದಲ ಸಾಲು ಓದಿ ಉಳಿದದ್ದು ಊಹೆ ಮಾಡುತ್ತೀಯ. ಇನ್ನು ಮುಂದೆ ಪ್ರತಿ ಪ್ರಶ್ನೆಯನ್ನೂ ಎರಡು ಸಲ ಗಟ್ಟಿಯಾಗಿ ಓದಬೇಕು. ಒಂದು ಸಲ ಇಂಗ್ಲಿಷಿನಲ್ಲಿ, ಒಂದು ಸಲ ಕನ್ನಡದಲ್ಲಿ."

ಗುರುಗಳ ಮಾತನ್ನು ನಾನು ಪ್ರಾಮಾಣಿಕವಾಗಿ ಅಜ್ಜನಿಗೆ ತಲುಪಿಸಿದೆ. ಅಷ್ಟು ಪ್ರಾಮಾಣಿಕವಾಗಿ ತಲುಪಿಸಬಾರದಿತ್ತು. ಅಜ್ಜ ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳದಾಚೆ ಉಗಿದು ಬಂದು ಕೂತ. "ತಪ್ಪು ದಾಟಿದ್ನಂತಾ? ಆ ನಾಯಕ್ರು ಎಷ್ಟ್ ಸಲ ಹೊಳೆ ದಾಟಿದ್ರು ಕೇಳು."

ಮುಂದಿನ ಪಾಠದಲ್ಲಿ ಕೇಳಿದೆ. ಸರ್ ಶಾಂತವಾಗಿ, "ಇದು ಆದರ್ಶ ಸ್ಥಿತಿ. ಇಲ್ಲಿ ದೋಣಿಯನ್ನು ಒಂದು ಬಿಂದು ಎಂದು ಭಾವಿಸಬೇಕು," ಎಂದರು. ಅದನ್ನೂ ತಂದು ಮುಟ್ಟಿಸಿದೆ.

"ಬಿಂದೂ?" ಅಜ್ಜ ಚಪ್ಪರದಲ್ಲಿದ್ದ ಎಲ್ಲರ ಮುಖ ನೋಡಿದ. "ದೋಣಿ ಬಿಂದುವಾದ್ರೆ ಹುಟ್ಟು ಎಲ್ ಹಾಕೂದು? ಜನ ಎಲ್ ಕೂರೂದು?"

ಹೀಗೆ ಶಿರವಾಡಕ್ಕೂ ಮಂಜುಗುಣಿಗೂ ನಡುವೆ ಯುದ್ಧ ಶುರುವಾಯಿತು. ವಾರಕ್ಕೆ ಮೂರು ದಿನ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ ನಾನೇ ಎರಡೂ ಕಡೆಯ ದೂತೆ. ಅಂಕೋಲೆ ಬಿಟ್ಟು ಅವರ್ಸಾ ದಾಟುವಾಗ ಅಜ್ಜನ ವಾದವನ್ನು ಪುಸ್ತಕದ ಭಾಷೆಗೆ ಹೊಂದಿಸಿಕೊಳ್ಳುತ್ತಿದ್ದೆ. ವಾಪಸು ಬಿಣಗಾ ಘಟ್ಟ ಇಳಿಯುವಾಗ ಸರ್ ಕೊಟ್ಟ ಉತ್ತರವನ್ನು ಅಜ್ಜನಿಗೆ ತಿಳಿಯುವ ಹಾಗೆ ಮಾಡಿಕೊಳ್ಳುತ್ತಿದ್ದೆ. ನಾನು ಓದುತ್ತಿದ್ದೇನೆ ಎಂದು ನನಗೇ ಗೊತ್ತಾಗುತ್ತಿರಲಿಲ್ಲ, ಚಾಡಿ ಹೇಳುತ್ತಿದ್ದೇನೆ ಅಂದುಕೊಂಡಿದ್ದೆ.

ಆ ಮಳೆಗಾಲ ಹುಚ್ಚು ಹಿಡಿದ ಹಾಗೆ ಸುರಿಯಿತು. ನಮ್ಮ ಮನೆಯಲ್ಲಿ ಎರಡು ಕೋಣೆ, ಮೂರು ಕಡೆ ಸೋರಿಕೆ. ಗಟ್ಟಿಯಾಗಿ ಓದಲು ಜಾಗವಿದ್ದದ್ದು ಮನೆ ಪಕ್ಕದ ಬಲೆ ಚಪ್ಪರ ಮಾತ್ರ. ನಿಷೇಧದ ಎರಡು ತಿಂಗಳು ಗಂಡಸರೆಲ್ಲ ಅಲ್ಲೇ ಕೂತು ಹರಿದ ಬಲೆ ಸರಿಮಾಡುತ್ತಿದ್ದರು. ಅಪ್ಪ, ಅಜ್ಜ, ಅಪ್ಪನ ಚಿಕ್ಕಪ್ಪನ ಮಗ ಗೋಯಿಂದ ಕಾಕಾ, ಮತ್ತೆ ಹೊತ್ತು ಹೋಗದ ಅಕ್ಕಪಕ್ಕದವರು. ಮೂಲೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಒಣಗದೇ ಜಿನುಗುತ್ತಿದ್ದ ಎರಡು ಪಾತಿ. ಒಂದರ ಬೆನ್ನ ಮೇಲೆ ಪುಸ್ತಕ ಇಟ್ಟುಕೊಂಡು ನಾನು ಓದುವುದು. ಪುಸ್ತಕದ ಪುಟಗಳೆಲ್ಲ ಎಣ್ಣೆ ಕುಡಿದು ಆಚೆ ಪುಟದ ಅಕ್ಷರ ಈಚೆ ಕಾಣುತ್ತಿತ್ತು. ಪಾಠದ ದಿನ ನಾನು ಚೀಲ ಬಿಚ್ಚಿದರೆ ಸರ್ ಕಿಟಕಿ ತೆರೆಯುತ್ತಿದ್ದರು.

ಸರ್ ಹೇಳಿದ ಹಾಗೆ ನಾನು ಪ್ರಶ್ನೆಯನ್ನು ಮೊದಲು ಇಂಗ್ಲಿಷಿನಲ್ಲಿ ಓದುತ್ತಿದ್ದೆ. ಆಗ ಯಾರೂ ತಲೆ ಎತ್ತುತ್ತಿರಲಿಲ್ಲ. ಕನ್ನಡದಲ್ಲಿ ಓದಿದ ಕೂಡಲೇ ಬಲೆಯ ಮೇಲಿನ ಕೈಗಳೆಲ್ಲ ನಿಲ್ಲುತ್ತಿದ್ದವು.

"ಎತ್ತರದ ಗೋಪುರದಿಂದ ಒಬ್ಬನು ಚೆಂಡನ್ನು ಎಸೆಯುತ್ತಾನೆ..."

"ಯಂತಕೆ ಎಸೀತಾ?" ಗೋಯಿಂದ ಕಾಕಾನಿಗೆ ಕಾರಣ ಬೇಕು.

"ಅದು ಕೊಟ್ಟಿಲ್ಲ ಕಾಕಾ."

"ಕೆಳಗೆ ಜನ ಇದ್ದಾರ್ಯಾ ನೋಡಿದ್ನಾ ಇಲ್ವಾ?"

ಅವರಿಗೆ ವಿವರಿಸಬೇಕೆಂದರೆ ಪ್ರಶ್ನೆಯಲ್ಲಿ ಏನಿದೆ, ಏನಿಲ್ಲ ಎಂದು ನಾನು ಒಂದೊಂದು ಪದವನ್ನೂ ಹೆಕ್ಕಬೇಕಾಗುತ್ತಿತ್ತು. ಕಾಗೆಯ ಹಾಗೆ ಮೊದಲ ಸಾಲು ಕಚ್ಚಿಕೊಂಡು ಹಾರುವ ನನ್ನ ಚಾಳಿ ಅಲ್ಲಿ ನಡೆಯುತ್ತಲೇ ಇರಲಿಲ್ಲ. ನಡುವೆ ಬಿಟ್ಟರೆ, "ಮುಂದೆಂತಾ ಆಯ್ತು?" ಎಂದು ನಾಲ್ಕು ಜನ ಒಟ್ಟಿಗೇ ಕೇಳುತ್ತಿದ್ದರು. ಪಕ್ಕದ ಮನೆಯವರೊಬ್ಬರು ಒಂದು ದಿನ ಬರಲಾಗದೆ, ಮರುದಿನ ಬಂದು ಆ ಇಳಿಜಾರಿನ ಮೇಲಿನ ಮರದ ತುಂಡು ಕೊನೆಗೆ ಜಾರಿತೋ ನಿಂತಿತೋ ಎಂದು ವಿಚಾರಿಸಿಕೊಂಡು ಹೋದರು.

ಜುಲೈ ನಡುವೆ ಕಲ್ಲಿನ ಪ್ರಶ್ನೆ ಬಂತು. ಒಂದು ಕೆರೆಯಲ್ಲಿ ದೋಣಿ ಇದೆ, ದೋಣಿಯಲ್ಲಿ ಕಲ್ಲು ಇದೆ. ಕಲ್ಲನ್ನು ಎತ್ತಿ ನೀರಿಗೆ ಹಾಕಿದರೆ ಕೆರೆಯ ನೀರಿನ ಮಟ್ಟ ಏರುತ್ತದೋ, ಇಳಿಯುತ್ತದೋ, ಇದ್ದ ಹಾಗೇ ಇರುತ್ತದೋ? ಚಪ್ಪರ ಎರಡಾಯಿತು. ಏರುತ್ತದೆ ಎಂದು ಗೋಯಿಂದ ಕಾಕಾ, ಇದ್ದ ಹಾಗೇ ಇರುತ್ತದೆ ಎಂದು ಅಜ್ಜ. "ಕಲ್ಲು ಅಲ್ಲೇ ಅದೆ, ನೀರೂ ಅಲ್ಲೇ ಅದೆ. ಯಾರ್ ಏರ್ಸೂದು?" ಮಾತಿಗೆ ಮಾತು ಬೆಳೆದು, ಬಾವಿಕಟ್ಟೆಯ ಪಕ್ಕದ ಸಿಮೆಂಟ್ ತೊಟ್ಟಿಯಲ್ಲಿ ನೋಡಿಯೇ ಬಿಡೋಣ ಎಂದಾಯಿತು. ದೋಣಿಯ ಬದಲು ಆಯಿಯ, ಅಂದರೆ ನನ್ನ ಅಮ್ಮನ, ಅನ್ನದ ಪಾತೇಲಿ, ಕಲ್ಲಿನ ಬದಲು ಮಸಾಲೆ ಅರೆಯುವ ಗುಂಡು. ಮೊದಲ ಸಲ ಪಾತೇಲಿ ಮಗುಚಿತು. ಎರಡನೇ ಸಲ ಸರಿಯಾಗಿ ನಿಂತಿತು. ತೊಟ್ಟಿಯ ಗೋಡೆಗೆ ಇದ್ದಿಲಿನಿಂದ ಗೆರೆ ಎಳೆದು, ಸುರಿವ ಮಳೆಯಲ್ಲಿ ತೊಟ್ಟಿಯ ಮೇಲೆ ತಾಡಪಾಲು ಹಿಡಿದುಕೊಂಡು ಆರು ಜನ ಗಂಡಸರು ಬಗ್ಗಿ ನಿಂತಿದ್ದರು. ಅಷ್ಟರಲ್ಲಿ ಆಯಿ ಪಾತೇಲಿ ಹುಡುಕಿಕೊಂಡು ಬಂದಳು.

"ನೀರು ಇಳೀತದೆ," ಎಂದಳು, ನಿಂತ ನಿಲುವಿನಲ್ಲೇ.

"ನಿಂಗೆಂಗ್ ಗೊತ್ತು?" ಅಜ್ಜ ಕೇಳಿದ.

"ಗುಂಡು ತೆಗ್ದ್ರೆ ಪಾತೇಲಿ ಇಷ್ಟೆತ್ರ ಎದ್ದು ಬರ್ತದೆ. ಗುಂಡು ಹಿಡಿಯೂ ಜಾಗ ಇಷ್ಟೇ ಇಷ್ಟು. ಮತ್ತೆ ನೀರು ಇಳೀದೆ ಎಂತಾ ಮಾಡ್ತದೆ? ಈಗ ನನ್ ಪಾತೇಲಿ ಕೊಡ್ರಿ, ಅನ್ನಕ್ಕೆ ಇಡೂಕದೆ."

ಗುಂಡನ್ನು ನೀರಿಗೆ ಬಿಟ್ಟರು. ನೀರು ಇದ್ದಿಲ ಗೆರೆಯಿಂದ ಒಂದು ಬೆರಳು ಕೆಳಗೆ ಹೋಯಿತು. ಆಯಿ ಪಾತೇಲಿ ಹಿಡಿದುಕೊಂಡು ಹೊರಟುಹೋದಳು, ಗೆದ್ದದ್ದನ್ನು ನೋಡಲೂ ನಿಲ್ಲಲಿಲ್ಲ. ಇದನ್ನು ಕೇಳಿದ ಸರ್, "ಪರೀಕ್ಷೆಯನ್ನು ನಿನ್ನ ತಾಯಿಯೇ ಬರೆಯಬಹುದಿತ್ತು," ಎಂದರು. ಅಜ್ಜನಿಗೆ ಮಾತ್ರ ಈ ಸೋಲಿನಿಂದ ಹೊಸ ಹುರುಪು ಬಂತು. ಪುಸ್ತಕದ ಮಾತನ್ನು ನೀರಿಗಿಳಿಸಿ ನೋಡಬಹುದು ಎಂದಾದರೆ ಹೊಳೆಯ ಪ್ರಶ್ನೆಯನ್ನೂ ನೋಡಲೇಬೇಕು. "ಆ ನಾಯಕ್ರನ್ನ ಕರ್ಕಂಡ್ ಬಾ. ಬಾಯ್ಮಾತು ಸಾಕು."

ಆಗಸ್ಟಿನಲ್ಲಿ ಬೋಟುಗಳು ಸಮುದ್ರಕ್ಕಿಳಿದು ಚಪ್ಪರ ಖಾಲಿಯಾಯಿತು. ಉಳಿದದ್ದು ಅಜ್ಜ ಮತ್ತು ಸೊಂಟನೋವಿನ ಗೋಯಿಂದ ಕಾಕಾ. ಹೊಳೆಯ ಕೆಂಪು ನೀರು ತಿಳಿಯಾಗಲು ನವರಾತ್ರಿ ಕಳೆಯಬೇಕಾಯಿತು. ಅಪ್ಪ ರಜೆಯಲ್ಲಿ ಬಂದಿದ್ದ ಒಂದು ಭಾನುವಾರ ನಾಯಕ ಸರ್ ಇಸ್ತ್ರಿ ಪ್ಯಾಂಟು, ಕೊಡೆ, ಊಟದ ಡಬ್ಬಿಯ ಸಮೇತ ಮಂಜುಗುಣಿಯಲ್ಲಿ ಟೆಂಪೋದಿಂದ ಇಳಿದರು. ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ಮೊದಲ ಸಲ ನೋಡಿದರು. ಆಯಿ ಕೊಟ್ಟ ಚಹಾ ಕುಡಿಯುವವರೆಗೂ ಇಬ್ಬರೂ ಹವಾಮಾನದ ಬಗ್ಗೆ ಮಾತ್ರ ಮಾತಾಡಿದರು.

ಸರ್ ನಿಯಮ ಹಾಕಿದರು. ಇಳಿತದ ಹೊತ್ತು, ಹೊಳೆ ಸಮುದ್ರದ ಕಡೆ ಒಂದೇ ಸಮನೆ ಹರಿಯುವಾಗ, ಎರಡು ಪಾತಿ ಒಟ್ಟಿಗೇ ಹೊರಡಬೇಕು. ಎರಡರಲ್ಲೂ ಸಮ ತೂಕ, ಹುಟ್ಟಿನ ಪೆಟ್ಟು ಸಮ. ಅಜ್ಜನ ದೋಣಿಯಲ್ಲಿ ಅಪ್ಪ ಕೂತು "ಹೇ...ಹಾ" ಎಂದು ಕೂಗುವುದು, ಆ ಕೂಗಿಗೆ ಎರಡೂ ಕಡೆ ಹುಟ್ಟು ಬೀಳುವುದು. ಸರ್‌ಗೆ ಹುಟ್ಟು ಹಾಕಲು ಬಾರದ್ದರಿಂದ ಅವರ ದೋಣಿಗೆ ಗೋಯಿಂದ ಕಾಕಾ ಅಂಬಿಗ. ನಾನು ಕಂಪಾಸು ಪೆಟ್ಟಿಗೆಯ ಕೋನಮಾಪಕವನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದುಕೊಂಡು ಸರ್ ಜೊತೆ ಕೂತೆ. ನನ್ನ ತೂಕಕ್ಕೆ ಸರಿಯಾಗಿ ಅಜ್ಜನ ದೋಣಿಗೆ ಮರಳಿನ ಚೀಲ ಹೇರಿದರು.

ದೋಣಿ ಹೊರಟ ಕೂಡಲೇ ತೊಂದರೆ ಶುರುವಾಯಿತು. ಕಾಕಾನ ಬಾಯಿ ಸರ್ ಮಾತಿಗೆ ಒಪ್ಪಿತ್ತು, ಕೈ ಒಪ್ಪಿರಲಿಲ್ಲ. ಹುಟ್ಟಿದಾಗಿನಿಂದ ಹೊಳೆಯಲ್ಲೇ ಇದ್ದ ಕೈ ಅದು. ನೀರು ಎಳೆದ ಕಡೆಗೆ ದೋಣಿ ಹೋಗುತ್ತಿದ್ದರೆ ತಾನಾಗಿಯೇ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತಿತ್ತು.

"ನೇರ! ನೇರ! ತೊಂಬತ್ತು ಡಿಗ್ರಿ!" ಸರ್ ಕೂಗಿದರು.

"ನೇರ ಹೋದ್ರೆ ಕಾಂಡ್ಲಾ ಗಿಡಕ್ಕೆ ಹೋಗಿ ಬೀಳ್ತ್ರಿ ಸರ್!"

"ಬೀಳೋಣ! ಮೂತಿ ಮಾತ್ರ ನೇರ ಇರಲಿ!"

ಕಾಕಾ ದೇವರ ಹೆಸರು ಹೇಳಿ ನೇರ ಹಾಕತೊಡಗಿದ. ಹೊಳೆ ನಮ್ಮನ್ನು ಸಮುದ್ರದ ಕಡೆಗೆ ಸಾಗಿಸುತ್ತಲೇ ಇತ್ತು. ಮೇಲ್ಗಡೆ ಅಜ್ಜನ ದೋಣಿ ನೀರಿಗೆ ಮುಖ ಕೊಟ್ಟು, ಓರೆಯಾಗಿ, ಗಂಗಾವಳಿಯ ಜೆಟ್ಟಿಯ ಕಡೆ ನಿಧಾನ ತೆವಳುತ್ತಿತ್ತು. ಅಜ್ಜನ ಬೆನ್ನು ಬಗ್ಗಿ ಏಳುವುದು ಕಾಣುತ್ತಿತ್ತು. ಅಷ್ಟು ವಯಸ್ಸಾದ ಮನುಷ್ಯ ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ನೋಡಿರಲಿಲ್ಲ. ಒಂದು ಕ್ಷಣ ಕೋನಮಾಪಕ ಮರೆತು ಅವನನ್ನೇ ನೋಡುತ್ತಾ ಕೂತೆ.

ನಮ್ಮ ದೋಣಿಯೇ ಮೊದಲು ಆಚೆ ದಡ ಮುಟ್ಟಿತು. ಅದರಲ್ಲಿ ಅನುಮಾನವೇ ಇಲ್ಲ, ಅಜ್ಜನ ದೋಣಿ ಇನ್ನೂ ಹೊಳೆಯಲ್ಲೇ ಇತ್ತು. "ಕನಿಷ್ಠ ಸಮಯ!" ಎಂದು ಸರ್ ಮೊಬೈಲ್ ಎತ್ತಿ ಹಿಡಿದು ಗೆಲುವಿನ ಹುಮ್ಮಸ್ಸಿನಲ್ಲಿ ದಡಕ್ಕೆ ಹಾರಿದರು. ಅದು ದಡವಲ್ಲ, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರುಗಳ ನಡುವಿನ ಕೆಸರು. ಮೊಣಕಾಲಿನವರೆಗೆ ಇಳಿದುಹೋದರು. ಅಲ್ಲಿಯವರೆಗೆ ಪಠ್ಯಪುಸ್ತಕದ ಹಾಗೆ ಮಾತಾಡುತ್ತಿದ್ದ ಸರ್ ಬಾಯಿಂದ ಅಪ್ಪಟ ಶೆಟಗೇರಿ ಮಾತು ಹೊರಬಿತ್ತು. "ಅಯ್ಯಯ್ಯೋ, ಹುಗ್ದ್ ಹೋದ್ನಾ ಮಾರಾಯಾ! ಕೈ ಕೊಡಾ, ಕೈ ಕೊಡಾ!"

ಕೈ ಕೊಟ್ಟೆವು. ಒಂದು ಚಪ್ಪಲಿ ಕೊಡಲು ಕೆಸರು ಒಪ್ಪಲಿಲ್ಲ. ಬೇರು ಹಿಡಿದು, ಚಿಪ್ಪು ತುಳಿದು, ಜೆಟ್ಟಿಗೆ ನಡೆದು ಮುಟ್ಟಲು ನಮಗೆ ಅರ್ಧ ತಾಸು ಹಿಡಿಯಿತು. ಅಜ್ಜ ಒಣ ಕಾಲಿನಲ್ಲಿ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಎರಡನೇ ಲೋಟ ಕುಡಿಯುತ್ತಿದ್ದ. ಅಪ್ಪ ಪಕ್ಕದಲ್ಲಿ ಬನ್ಸ್ ತಿನ್ನುತ್ತಿದ್ದ. ಅಂಗಡಿಯವನು ಯಾರು ಗೆದ್ದರು ಎಂದು ಕೇಳಿದ.

"ನಾಯಕ್ರೇ ಮುಂಚೆ ಬಂದದ್ದು," ಎಂದ ಅಜ್ಜ. "ಎಲ್ಲಿಗೆ ಬಂದ್ರು ಅಂತ ಮಾತ್ರ ಕೇಳ್ಬೇಡಿ."

ಸರ್ ಸಿಟ್ಟಾಗಲಿಲ್ಲ. ಒಂದೇ ಚಪ್ಪಲಿಯಲ್ಲಿ ಕೂತು, ನನ್ನ ಎಣ್ಣೆ ಪುಸ್ತಕ ಬಿಡಿಸಿ ಅಜ್ಜನ ಮುಂದೆ ಹಿಡಿದರು. ಒಂದೇ ಪುಟದಲ್ಲಿ ಎರಡು ಚಿತ್ರಗಳಿದ್ದವು. "ನೋಡಿ ಅಜ್ಜಾ, ಬೇಗ ದಾಟಬೇಕು ಎಂದರೆ ಇದು. ಸರಿಯಾಗಿ ಎದುರಿನ ಜಾಗಕ್ಕೇ ಮುಟ್ಟಬೇಕು ಎಂದರೆ ಇದು, ಮೂತಿ ಮೇಲಕ್ಕೆ. ನೀವು ದಾಟಿಸಿದ್ದು ಎರಡನೆಯ ರೀತಿ. ಪುಸ್ತಕದಲ್ಲಿ ಎರಡೂ ಇದೆ. ನಾನು ತಪ್ಪು ದಾಟಿದ್ದೀರಿ ಅಂದದ್ದು ತಪ್ಪಾಯಿತು."

ಅಜ್ಜ ಎರಡು ಚಿತ್ರಗಳನ್ನೂ ಬಹಳ ಹೊತ್ತು ನೋಡಿದ. "ಎರಡನೇದು ಬರೋಬರ್ ಅದೆ. ಮೊದ್ಲನೇದು ಯಾರಿಗ್ ಬೇಕು?"

ಸರ್ ತಮ್ಮ ಕಾಲಿನ ಕೆಸರು ನೋಡಿಕೊಂಡು ಸ್ವಲ್ಪ ಯೋಚಿಸಿದರು. "ಪ್ರಶ್ನೆಪತ್ರಿಕೆ ತೆಗೆಯುವವರಿಗೆ," ಎಂದರು.

ಇಬ್ಬರೂ ನಕ್ಕರು. ಅವತ್ತಿನಿಂದ ದೂತೆಯ ಕೆಲಸ ಹೋಯಿತು. ಸರ್ ತಾವೇ ಪ್ರತಿ ಭಾನುವಾರ ಬರತೊಡಗಿದರು, ಡಬ್ಬಿ ತರುವುದನ್ನು ಬಿಟ್ಟು ಆಯಿಯ ಶೆಟ್ಲಿ ಸಿಗಡಿಯ ಸಾರು ಉಣ್ಣತೊಡಗಿದರು. ನನಗಂತೂ ಆ ದಿನ ಒಂದು ವಿಷಯ ತಲೆಗೆ ಹೋಗಿತ್ತು. ಏನು ಕೇಳಿದ್ದಾರೆ ಎಂದು ನೋಡದೆ ದೋಣಿ ಬಿಟ್ಟರೆ ಗೆದ್ದರೂ ಕೆಸರಿಗೇ ಇಳಿಯುವುದು. ಅಣಕು ಪರೀಕ್ಷೆಗಳಲ್ಲಿ ಅಂಕ ಇಪ್ಪತ್ತು ದಾಟಿತು, ಮೂವತ್ತರ ಹತ್ತಿರ ಬಂತು. ಮಾವ ಆಗಾಗ ಫೋನು ಮಾಡಿ ಕುರ್ಚಿ ಇನ್ನೂ ಖಾಲಿ ಇದೆ ಎಂದು ನೆನಪಿಸುತ್ತಿದ್ದ.

ಏಪ್ರಿಲ್ ಬಂತು. ಪರೀಕ್ಷಾ ಕೇಂದ್ರ ಕಾರವಾರದಲ್ಲಿ. ಸೆಕೆ ಎಷ್ಟಿತ್ತೆಂದರೆ ಪೆನ್ನು ಹಿಡಿದ ಬೆರಳು ಜಾರುತ್ತಿತ್ತು. ಭೌತಶಾಸ್ತ್ರದ ದಿನ ಅಜ್ಜ ನಾನೂ ಬರುತ್ತೇನೆಂದು ಹಟ ಹಿಡಿದು ಬಂದ. ನಾಯಕ ಸರ್ ಶಿರವಾಡದಿಂದ ಬಂದರು. ಇಬ್ಬರೂ ಗೇಟಿನ ಎದುರು ಬಾದಾಮಿ ಮರದ ಕೆಳಗೆ ಒಂದೇ ಕೊಡೆಯಲ್ಲಿ ನಿಂತರು. ಒಳಗೆ ನಾನು ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿದೆ, ಇಂಗ್ಲಿಷಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ. ತುಟಿ ಆಡುತ್ತಿದ್ದುದನ್ನು ನೋಡಿ ಮೇಲ್ವಿಚಾರಕರು ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ನಿಂತರು. ಕಾಕಾನ "ಯಂತಕೆ ಎಸೀತಾ?" ನೆನಪಾಗಿ ನಗು ಬಂತು. ಅದಕ್ಕೂ ಬೈಸಿಕೊಂಡೆ.

ಹೊರಗೆ ಬಂದಾಗ ಇಬ್ಬರೂ ಕೊಡೆಯ ಸಮೇತ ಓಡಿ ಬಂದರು.

"ದೋಣಿ ಬಂತನಾ?" ಅಜ್ಜನ ಮೊದಲ ಪ್ರಶ್ನೆ.

"ಇಲ್ಲ ಅಜ್ಜ."

"ಒಂದೂ ಇಲ್ವಾ?" ಇದು ಸರ್.

"ಒಂದೂ ಇಲ್ಲ ಸರ್. ಹೊಳೆಯೇ ಇಲ್ಲ. ಒಂದು ಲಿಫ್ಟ್ ಇತ್ತು."

ಇಬ್ಬರ ಮುಖವೂ ಒಟ್ಟಿಗೇ ಬಾಡಿತು. ಸರ್ ಕೊಡೆ ಮಡಚಿದರು. ಅಜ್ಜನಿಗೆ ತಡೆಯಲಾಗಲಿಲ್ಲ. "ಲಿಫ್ಟು! ಇಡೀ ಅಂಕೋಲೆ ತಾಲೂಕಲ್ಲಿ ಎಷ್ಟ್ ಲಿಫ್ಟ್ ಅದೆ, ಎಷ್ಟ್ ದೋಣಿ ಅದೆ ಅಂತ ಅವ್ರಿಗ್ ಯಾರೂ ಹೇಳುವರಿಲ್ವನಾ?" ಬಸ್ಸಿನಲ್ಲಿ ಅಂಕೋಲೆ ಮುಟ್ಟುವವರೆಗೂ ಅದನ್ನೇ ಪಕ್ಕದ ಸೀಟಿನವರಿಗೆ ಹೇಳುತ್ತಾ ಬಂದ.

ಕೆಲವು ದಿನಗಳಲ್ಲಿ ಸರಿಯುತ್ತರಗಳು ಬಂದವು. ಚಪ್ಪರದಲ್ಲಿ ಕೂತು, ಎಲ್ಲರೂ ಸುತ್ತ ನಿಂತಿರುವಾಗ ಸರ್ ಒಂದೊಂದೇ ಓದಿದರು, ನಾನು ಗುರುತು ಹಾಕಿದೆ. ಮೂವತ್ತೆಂಟು ಸರಿ. ಸರ್ ಎರಡು ಸಲ ಎಣಿಸಿದರು. "ಜೀವಶಾಸ್ತ್ರದ ಅಂಕ ಚೆನ್ನಾಗಿರುವಾಗ ಇದು ಸಾಕು. ಸೀಟು ಸಿಕ್ಕಂತೆಯೇ," ಎಂದರು. ಆಯಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಎರಡು ದಿನದ ರಜೆಯಲ್ಲಿ ಬಂದಿದ್ದ ಅಪ್ಪ ಎದ್ದು ಹೊರಗೆ ಹೋಗಿ ಮಾವನಿಗೆ ಫೋನು ಮಾಡಿದ. "ಕುರ್ಚಿಗೆ ಬೇರೆಯವರನ್ನ ನೋಡು," ಎಂದಷ್ಟೇ ಹೇಳಿ ಇಟ್ಟ. ಅಷ್ಟು ಸಂತೋಷ ನನಗೆ ಆಮೇಲೂ ಬಹಳ ಸಲ ಆಗಿಲ್ಲ.

ಅಜ್ಜ ಮಾತ್ರ ನಗಲಿಲ್ಲ.

"ಒಟ್ಟು ಎಷ್ಟಿತ್ತು?" ಎಂದ.

"ಅರವತ್ತು."

"ಮೂವತ್ತೆಂಟು ಬಂತು. ಉಳಿದ ಇಪ್ಪತ್ತೆರಡು ಎಲ್ಲಿ?"

"ತಪ್ಪಾಯ್ತು ಅಜ್ಜ. ಎಲ್ಲರಿಗೂ ಅಷ್ಟಿಷ್ಟು ತಪ್ಪಾಗ್ತದೆ."

"ಅರವತ್ತು ಜನ ಹತ್ತಿಸ್ಕಂಡು, ಮೂವತ್ತೆಂಟು ಜನ್ರನ್ನ ದಾಟ್ಸಿ, ಸಾಕು ಅಂತ ಚಹಾ ಕುಡೂಕೆ ಹೋಗ್ತ್ಯಾ?" ಅಜ್ಜನ ಧ್ವನಿಯಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. "ಆ ಇಪ್ಪತ್ತೆರಡು ಜನ ಹೊಳೆ ನಡೂವೆ ಕೂತಿದ್ದಾರೆ. ಅವ್ರನ್ನ ಯಾರ್ ಕರ್ಕಂಡ್ ಬರೂದು?"

ಸೀಟಿಗೆ ಆ ಅಂಕಗಳ ಅಗತ್ಯವಿಲ್ಲ ಎಂದು ವಿವರಿಸಲು ಸರ್ ಬಾಯಿ ತೆರೆದರು. ಅಜ್ಜನ ಮುಖ ನೋಡಿ ಮುಚ್ಚಿದರು.

ಹಾಗಾಗಿ, ಇಡೀ ಜಿಲ್ಲೆಯಲ್ಲಿ ಪರೀಕ್ಷೆ ಬರೆದ ಮಕ್ಕಳೆಲ್ಲ ಪುಸ್ತಕ ಕಟ್ಟಿಟ್ಟಿದ್ದಾಗ ನಾನೊಬ್ಬಳು ಮತ್ತೆ ಚಪ್ಪರದಲ್ಲಿ ಕೂತೆ. ಅಜ್ಜ ಬಲೆಯನ್ನು ತೇಲಿಸುವ ಇಪ್ಪತ್ತೆರಡು ಬೆಂಡುಗಳನ್ನು ತಂದು ಚಾಪೆಯ ಒಂದು ಕಡೆ ಸಾಲಾಗಿ ಇಟ್ಟ. ನಾನು ಒಂದು ಪ್ರಶ್ನೆ ಓದಿ, ಬಿಡಿಸಿ, ಅವನಿಗೆ ಹೇಳಬೇಕು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ಅವನಿಗೆ ತಿಳಿಯುತ್ತಿರಲಿಲ್ಲ. ಆದರೆ ನನಗೆ ತಿಳಿದಿದೆಯೋ ಇಲ್ಲವೋ ಎಂಬುದು ಚೆನ್ನಾಗಿ ತಿಳಿಯುತ್ತಿತ್ತು. ನಾನು ಬುರುಡೆ ಬಿಟ್ಟರೆ, "ಧ್ವನಿ ಸಣ್ಣ ಆಯ್ತು. ಇದು ಬರ್ಲಿಲ್ಲ," ಎಂದು ಬೆಂಡನ್ನು ಅಲ್ಲೇ ಬಿಡುತ್ತಿದ್ದ. ಗಟ್ಟಿಯಾಗಿ ಹೇಳಿದರೆ ಒಂದು ಬೆಂಡು ಚಾಪೆಯ ಆಚೆ ಬದಿಗೆ ಹೋಗುತ್ತಿತ್ತು. ಕೆಲವಕ್ಕೆ ಶಿರವಾಡಕ್ಕೆ ಹೋಗಿ ಸರ್ ಹತ್ತಿರ ಕೇಳಿಕೊಂಡು ಬಂದೆ. ಮಳೆ ಹಿಡಿಯಿತು, ಬೋಟುಗಳು ಬಂದವು, ಅಪ್ಪ ಮನೆಗೆ ಬಂದ. ಮೊದಲ ಸುತ್ತಿನಲ್ಲಿ ಸೀಟು ಸಿಗದೆ ಎರಡು ವಾರ ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಎರಡನೇ ಸುತ್ತಿನಲ್ಲಿ ಸಿಕ್ಕಿತು. ಅಷ್ಟು ಹೊತ್ತಿಗೆ ಚಾಪೆಯ ಈಚೆ ಬದಿ ಒಂದೇ ಒಂದು ಬೆಂಡು ಉಳಿದಿತ್ತು, ಟ್ರಾನ್ಸಿಸ್ಟರಿನ ಮೇಲಿನ ಪ್ರಶ್ನೆ. ಅದಕ್ಕೆ ಮೂರು ಸಲ ಬುರುಡೆ ಬಿಟ್ಟಿದ್ದೆ, ಮೂರು ಸಲವೂ ಸಿಕ್ಕಿಬಿದ್ದಿದ್ದೆ.

ನಾನು ಕಾಲೇಜಿಗೆ ಹೊರಡುವ ಬೆಳಿಗ್ಗೆ ಅಂಗಳದಲ್ಲಿ ರಿಕ್ಷಾ ಬಂದು ನಿಂತಿತ್ತು. ಚೀಲ, ಹಾಸಿಗೆ ಎಲ್ಲ ಹೇರಿಯಾಗಿತ್ತು. ರೈಲಿಗೆ ಹೊತ್ತಾಗುತ್ತದೆ ಎಂದು ಅಪ್ಪ ಒಂದೇ ಸಮನೆ ಗಡಿಯಾರ ನೋಡುತ್ತಿದ್ದ. ಅಜ್ಜ ಚಪ್ಪರದಿಂದ ಏಳಲಿಲ್ಲ. ನಾನು ಹೋಗಿ ಚಾಪೆಯ ಮೇಲೆ ಕೂತೆ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದಿದೆ, ಕನ್ನಡದಲ್ಲಿ ಓದಿದೆ. ಹಿಂದಿನ ದಿನ ಸರ್ ಹತ್ತಿರ ಕೂತು ಕಲಿತದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅಜ್ಜ ಕಣ್ಣು ಮುಚ್ಚಿ ನನ್ನ ಧ್ವನಿಯನ್ನು ಕೇಳಿದ. ಮುಗಿದ ಮೇಲೆ ಕೊನೆಯ ಬೆಂಡನ್ನು ಎತ್ತಿ ಆಚೆ ಬದಿಗೆ ಇಟ್ಟ. ಇಪ್ಪತ್ತೆರಡನ್ನೂ ಬೆರಳಿಟ್ಟು ಎಣಿಸಿದ.

"ಎಲ್ಲಾ ಬಂದ್ರನಾ?"

"ಬಂದ್ರು ಅಜ್ಜ."

ಅವನು ನನ್ನ ತಲೆಯ ಮೇಲೆ ಕೈ ಇಟ್ಟ. ಕೈಯಲ್ಲಿ ಮೀನೆಣ್ಣೆ ಇತ್ತು.

"ಹಾಂಗಾರೆ ಈಗ ನೀ ಹೋಗು," ಎಂದ.